ಟ್ರಾನ್ ಎದುರು ಕೂರುವ ಮುನ್ನ: ಕಷ್ಟದ ಡೆಕ್ ಒಂದಕ್ಕೆ ತಯಾರಾಗುವುದು ಹೇಗೆ

ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡ್ ಆಟ ಆಡುವವರಲ್ಲಿ ಪ್ರತಿಯೊಬ್ಬರಿಗೂ ಒಂದು ಡೆಕ್ (ಆಟಗಾರರು ತಾವೇ ಆರಿಸಿ ಕಟ್ಟಿಕೊಂಡ ಕಾರ್ಡ್‌ಗಳ ಕಟ್ಟು) ಕಂಡರೆ ಎದೆ ಧಸಕ್ಕೆನ್ನುತ್ತದೆ. ನನಗೆ ಅದು ಟ್ರಾನ್, ದೊಡ್ಡ ದೊಡ್ಡ ಕಾರ್ಡ್‌ಗಳನ್ನು ಬಹಳ ಬೇಗ ಮೇಜಿಗಿಳಿಸುವ ಡೆಕ್. ಮಾಡರ್ನ್ ಫಾರ್ಮ್ಯಾಟ್‌ನಲ್ಲಿ (ಯಾವ ಕಾರ್ಡ್‌ಗಳನ್ನು ಬಳಸಬಹುದು ಎಂದು ಹೇಳುವ ಆಟದ ಒಂದು ಬಗೆ) ನಾನು ಆಡುವುದು ಜಂಡ್, ಅಂದರೆ ಕಪ್ಪು, ಕೆಂಪು, ಹಸಿರು ಸೇರಿದ ಡೆಕ್. ಎದುರಾಳಿಯ ಕೈಯಿಂದ ಕಾರ್ಡ್ ಕಿತ್ತು, ಮೇಜಿನ ಮೇಲಿನ ಕ್ರೀಚರ್‌ಗಳನ್ನು (ದಾಳಿ ಮಾಡುವ ಕಾರ್ಡ್‌ಗಳನ್ನು) ಒಂದೊಂದಾಗಿ ಕೊಂದು, ಉಳಿದ ಒಂದೆರಡು ಒಳ್ಳೆಯ ಕ್ರೀಚರ್‌ಗಳಿಂದ ಗೆಲ್ಲುವುದು ಅದರ ರೀತಿ. ಟ್ರಾನ್ ಎದುರು ಇದರಲ್ಲಿ ಅರ್ಧ ಕೆಲಸಕ್ಕೇ ಬರುವುದಿಲ್ಲ. ಕೊಲ್ಲಲು ಅಲ್ಲಿ ಸಣ್ಣ ಕ್ರೀಚರ್ ಇರುವುದೇ ಅಪರೂಪ.

ಇಂಥ ಡೆಕ್ ಎದುರು ಬಹಳ ಜನ ಮಾಡುವುದು ಒಂದೇ ಕೆಲಸ: ಅದನ್ನು ಕೆಡಿಸುವ ನಾಲ್ಕಾರು ಕಾರ್ಡ್ ತಂದು ಸೈಡ್‌ಬೋರ್ಡ್‌ಗೆ (ಎರಡು ಆಟಗಳ ನಡುವೆ ಡೆಕ್‌ಗೆ ಬದಲಿಸಿಕೊಳ್ಳುವ ಹೆಚ್ಚುವರಿ ಕಾರ್ಡ್‌ಗಳ ಗುಂಪಿಗೆ) ತುರುಕಿ, ತಯಾರಿ ಮುಗಿಯಿತು ಅಂದುಕೊಳ್ಳುವುದು. ನಾನೂ ವರ್ಷಗಟ್ಟಲೆ ಹಾಗೇ ಮಾಡಿ ಸೋತಿದ್ದೇನೆ. ಆ ಕಾರ್ಡ್‌ಗಳು ಎದುರಾಳಿಯನ್ನು ಸೋಲಿಸುವುದಿಲ್ಲ, ನಮಗೆ ಒಂದಷ್ಟು ಟರ್ನ್‌ಗಳನ್ನು ಕೊಡಿಸುತ್ತವೆ ಅಷ್ಟೆ. ಕೊಡಿಸಿದ ಟರ್ನ್‌ಗಳಲ್ಲಿ ಏನು ಮಾಡುತ್ತೇವೆ ಎನ್ನುವುದೇ ತಯಾರಿ. ಇಲ್ಲಿ ಟ್ರಾನ್ ಅನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಿಮ್ಮನ್ನು ಕಾಡುವ ಡೆಕ್ ಬೇರೆ ಇದ್ದರೂ ಹೆಜ್ಜೆಗಳು ಇವೇ.

ಹೆಜ್ಜೆ 1: ಆ ಡೆಕ್‌ಗೆ ಏನು ಬೇಕು, ಎಷ್ಟು ಹೊತ್ತಿಗೆ ಬೇಕು?

ಮೊದಲು ಎದುರಿನ ಡೆಕ್‌ನ ಗಡಿಯಾರ ತಿಳಿಯಬೇಕು. ಟ್ರಾನ್‌ನ ಬೆನ್ನೆಲುಬು ಮೂರು ಲ್ಯಾಂಡ್‌ಗಳು (ಟರ್ನ್‌ಗೊಂದರಂತೆ ಇಡುವ, ಉಳಿದ ಕಾರ್ಡ್‌ಗಳ ಬೆಲೆ ತೆರಲು ಮಾನಾ ಎಂಬ ಶಕ್ತಿ ಕೊಡುವ ಕಾರ್ಡ್‌ಗಳು): ಉರ್ಜಾಸ್ ಮೈನ್, ಉರ್ಜಾಸ್ ಪವರ್ ಪ್ಲಾಂಟ್, ಉರ್ಜಾಸ್ ಟವರ್. 1994ರ ಆಂಟಿಕ್ವಿಟೀಸ್ ಸೆಟ್‌ನಲ್ಲಿ ಮೊದಲು ಬಂದ ಇವು 2003ರ ಎಂಟನೇ ಎಡಿಷನ್‌ನಲ್ಲಿ ಮರುಮುದ್ರಣವಾದವು. ಮಾಡರ್ನ್‌ನ ಗಡಿ ಶುರುವಾಗುವುದೇ ಅಲ್ಲಿಂದ, ಹಾಗಾಗಿ ಇವಕ್ಕೆ ಅಲ್ಲಿ ಜಾಗ ಸಿಕ್ಕಿದೆ. ಒಂಟಿಯಾಗಿದ್ದರೆ ಒಂದೊಂದೂ ಒಂದೇ ಮಾನಾ ಕೊಡುತ್ತದೆ. ಮೂರೂ ಸೇರಿದರೆ ಮೈನ್ ಎರಡು, ಪವರ್ ಪ್ಲಾಂಟ್ ಎರಡು, ಟವರ್ ಮೂರು. ಮೂರು ಲ್ಯಾಂಡ್‌ಗೆ ಏಳು ಮಾನಾ.

ಮೇಜಿನ ಮೇಲೆ ಇದು ಹೀಗೆ ಕಾಣುತ್ತದೆ. ಮೊದಲ ಟರ್ನ್: ಟವರ್ ಇಟ್ಟು, ಅದರ ಒಂದು ಮಾನಾದಿಂದ ಎಕ್ಸ್‌ಪೆಡಿಷನ್ ಮ್ಯಾಪ್. ಎರಡನೇ ಟರ್ನ್: ಮೈನ್ ಇಟ್ಟು, ಎರಡೂ ಲ್ಯಾಂಡ್ ಟ್ಯಾಪ್ ಮಾಡಿ (ಮಾನಾಕ್ಕಾಗಿ ಅಡ್ಡ ತಿರುಗಿಸಿ) ಮ್ಯಾಪ್ ಒಡೆದು, ಡೆಕ್‌ನಿಂದ ಪವರ್ ಪ್ಲಾಂಟ್ ಹುಡುಕಿ ಕೈಗೆ ತೆಗೆದುಕೊಳ್ಳುತ್ತಾರೆ. ಮೂರನೇ ಟರ್ನ್: ಪವರ್ ಪ್ಲಾಂಟ್ ಕೆಳಗೆ, ಏಳು ಮಾನಾ, ಕಾರ್ನ್ ಲಿಬರೇಟೆಡ್. ಬಂದ ತಕ್ಷಣ ನಿಮ್ಮ ಒಂದು ಕಾರ್ಡ್ ಎಕ್ಸೈಲ್, ಅಂದರೆ ಆಟದಿಂದಲೇ ಹೊರಗೆ. ನೀವಿನ್ನೂ ಎರಡನೆಯದೋ ಮೂರನೆಯದೋ ಲ್ಯಾಂಡ್ ಇಟ್ಟು ಕೂತಿರುತ್ತೀರಿ.

ಮ್ಯಾಪ್ ಇಲ್ಲದಿದ್ದರೆ ಲ್ಯಾಂಡ್ ಹುಡುಕಿಕೊಡುವ ಸಿಲ್ವನ್ ಸ್ಕ್ರೈಯಿಂಗ್ ಇದೆ, ಮೇಲಿನ ಐದು ಕಾರ್ಡ್ ನೋಡಿ ಬಣ್ಣವಿಲ್ಲದ ಒಂದನ್ನು ಆರಿಸಿಕೊಳ್ಳುವ ಏನ್ಶಿಯಂಟ್ ಸ್ಟರಿಂಗ್ಸ್ ಇದೆ. ಇದನ್ನೆಲ್ಲ ಓದಿ ತಿಳಿದರೆ ಸಾಲದು. ಆ ಡೆಕ್‌ನ ಪಟ್ಟಿಯೊಂದನ್ನು ತೆಗೆದುಕೊಂಡು, ಎದುರಿಗೆ ಯಾರೂ ಇಲ್ಲದೆ ನೀವೇ ಇಪ್ಪತ್ತು ಸಲ ಆಡಿನೋಡಿ. ಪ್ರತಿ ಸಲ ಮೂರು ಲ್ಯಾಂಡ್ ಯಾವ ಟರ್ನ್‌ನಲ್ಲಿ ಸೇರಿದವು, ಮೊದಲ ದೊಡ್ಡ ಕಾರ್ಡ್ ಯಾವಾಗ ಬಿತ್ತು ಎಂದು ಬರೆದಿಡಿ. ಒಂದು ಸಂಜೆಯ ಕೆಲಸ. ಮೂರನೇ ಟರ್ನ್‌ನ ಕಾರ್ನ್ ಮನಸ್ಸಿನಲ್ಲಿ ಉಳಿದಷ್ಟು ಸಲೀಸಾಗಿ ಪ್ರತಿ ಆಟದಲ್ಲೂ ಬರುವುದಿಲ್ಲ ಎನ್ನುವುದು ಆಗ ಕೈಗೇ ಗೊತ್ತಾಗುತ್ತದೆ. ಭಯ ಅರ್ಧ ಇಳಿಯುವುದು ಅಲ್ಲಿ.

ಪಟ್ಟಿ ಹೊಸದಾಗಿರಲಿ. 2023ರಲ್ಲಿ ಬಂದ ದಿ ಒನ್ ರಿಂಗ್ ಎಂಬ ಕಾರ್ಡ್ ಎಷ್ಟೋ ಟ್ರಾನ್ ಪಟ್ಟಿಗಳೊಳಗೆ ಸೇರಿಕೊಂಡಿತ್ತು. 2024ರ ಡಿಸೆಂಬರ್‌ನಲ್ಲಿ ಮಾಡರ್ನ್‌ನಿಂದ ಅದು ನಿಷೇಧವಾಯಿತು. ಹಳೇ ಪಟ್ಟಿ ಇಟ್ಟುಕೊಂಡು ಅಭ್ಯಾಸ ಮಾಡಿದರೆ ಇಲ್ಲದ ಕಾರ್ಡ್‌ಗೆ ಹೆದರಿ ಆಡುತ್ತೀರಿ.

ಹೆಜ್ಜೆ 2: ಎಷ್ಟು ಜಾಗ ಕೊಡಬೇಕು?

ಸೈಡ್‌ಬೋರ್ಡ್‌ನಲ್ಲಿ ಇರುವುದು 15 ಜಾಗ. ಹೋಗುವ ಟೂರ್ನಮೆಂಟ್‌ನಲ್ಲಿ ನೂರಕ್ಕೆ 5 ಜನ ಟ್ರಾನ್ ಆಡುತ್ತಾರೆ ಎಂದುಕೊಳ್ಳಿ. ಏಳು ಸುತ್ತಿನಲ್ಲಿ ಒಮ್ಮೆಯಾದರೂ ಅದು ನಿಮಗೆ ಎದುರಾಗುವ ಸಾಧ್ಯತೆ ಸುಮಾರು ಶೇ. 30. ನೂರಕ್ಕೆ 10 ಜನ ಆಡುವ ಕಡೆ ಅದು ಶೇ. 52. ಎರಡನೆಯ ಲೆಕ್ಕದಲ್ಲೂ ಅರ್ಧದಷ್ಟು ಸಲ ಟ್ರಾನ್ ನಿಮ್ಮ ಎದುರು ಬರುವುದೇ ಇಲ್ಲ. ಎಂಟು ಜಾಗ ಅದಕ್ಕೇ ಬರೆದುಕೊಟ್ಟರೆ ಉಳಿದ ಆರು ಸುತ್ತು ಬರಿಗೈಯಲ್ಲಿ ಕೂರಬೇಕಾಗುತ್ತದೆ.

ನಾನು ಐದು ಜಾಗ ಕೊಡುತ್ತೇನೆ, ಅದೂ ಬೇರೆ ಡೆಕ್‌ಗಳ ಮೇಲೂ ನಡೆಯುವ ಕಾರ್ಡ್‌ಗಳಿಗೆ. ಮೂರು ಫುಲ್ಮಿನೇಟರ್ ಮೇಜ್, ಎರಡು ಡ್ಯಾಂಪಿಂಗ್ ಸ್ಫಿಯರ್. ಫುಲ್ಮಿನೇಟರ್ ತನ್ನನ್ನೇ ಬಲಿಕೊಟ್ಟು ಬೇಸಿಕ್ (ಮೌಂಟನ್‌ನಂಥ ಸಾಮಾನ್ಯ ಲ್ಯಾಂಡ್) ಅಲ್ಲದ ಯಾವುದೇ ಲ್ಯಾಂಡ್ ಒಡೆಯುತ್ತದೆ. ಲ್ಯಾಂಡ್ ಮೇಲೆ ಬದುಕುವ ಎಲ್ಲ ಡೆಕ್‌ಗಳಿಗೂ ಅದು ತೊಂದರೆ. ಡ್ಯಾಂಪಿಂಗ್ ಸ್ಫಿಯರ್ 2018ರ ಡೊಮಿನೇರಿಯಾ ಸೆಟ್‌ನದು. ಒಂದು ಲ್ಯಾಂಡ್ ಎರಡು ಅಥವಾ ಹೆಚ್ಚು ಮಾನಾ ಕೊಡಲು ಹೊರಟರೆ ಒಂದಕ್ಕೇ ಇಳಿಸುತ್ತದೆ. ಒಂದೇ ಟರ್ನ್‌ನಲ್ಲಿ ಸ್ಪೆಲ್ (ಮಾನಾ ಕೊಟ್ಟು ಹಾಕುವ, ಲ್ಯಾಂಡ್ ಅಲ್ಲದ ಕಾರ್ಡ್) ಮೇಲೆ ಸ್ಪೆಲ್ ಹಾಕುವ ಸ್ಟಾರ್ಮ್‌ನಂಥ ಡೆಕ್‌ಗೂ ಅದೇ ಕಾರ್ಡ್ ಕಡಿವಾಣ.

ಬ್ಲಡ್ ಮೂನ್ ಯಾಕಿಲ್ಲ ಎಂದು ಕೇಳಬಹುದು. ಬೇಸಿಕ್ ಅಲ್ಲದ ಲ್ಯಾಂಡ್‌ಗಳನ್ನೆಲ್ಲ ಅದು ಕೆಂಪು ಮಾನಾ ಮಾತ್ರ ಕೊಡುವ ಮೌಂಟನ್ ಮಾಡುತ್ತದೆ, ನನ್ನವನ್ನೂ ಸೇರಿಸಿ. ಮೂರು ಬಣ್ಣದ ಜಂಡ್‌ಗೆ ಅದು ತನ್ನ ಕಾಲಿಗೆ ತಾನೇ ಹಗ್ಗ ಕಟ್ಟಿಕೊಂಡಂತೆ. ಒಂದೋ ಎರಡೋ ಬಣ್ಣದ ಕೆಂಪು ಡೆಕ್ ನಿಮ್ಮದಾದರೆ ಖಂಡಿತ ಇಟ್ಟುಕೊಳ್ಳಿ. ಲ್ಯಾಂಡ್ ಒಂದನ್ನು ಒಡೆದ ಮೇಲೆ ಅದೇ ಹೆಸರಿನ ಉಳಿದ ಮೂರನ್ನೂ ಡೆಕ್‌ನಿಂದ ಕಿತ್ತುಹಾಕುವ ಸರ್ಜಿಕಲ್ ಎಕ್ಸ್‌ಟ್ರಾಕ್ಷನ್ ಕೂಡ ಹಲವರಿಗೆ ಪ್ರಿಯ. ಫುಲ್ಮಿನೇಟರ್ ಸಿಗದ ದಿನ ಅದು ಕೈಯಲ್ಲಿ ಖಾಲಿ ಕಾಗದ. ಅದಕ್ಕೆ ನಾನು ಜಾಗ ಕೊಡುವುದಿಲ್ಲ.

ಈ ಐದು ಕಾರ್ಡ್‌ಗಳು ಎಷ್ಟು ಸಲ ಕೈಗೆ ಬರುತ್ತವೆ? 60 ಕಾರ್ಡ್‌ನ ಡೆಕ್‌ನಲ್ಲಿ ಐದು ಇದ್ದರೆ ಮೊದಲ ಏಳರಲ್ಲಿ ಕನಿಷ್ಠ ಒಂದು ಸಿಗುವುದು ಶೇ. 47ರಷ್ಟು ಸಲ. ಮೊದಲು ಆಡುವವರು ಮೂರನೇ ಟರ್ನ್ ಹೊತ್ತಿಗೆ ಒಂಬತ್ತು ಕಾರ್ಡ್ ನೋಡಿರುತ್ತಾರೆ, ಆಗ ಶೇ. 57. ಅಂದರೆ ನೂರರಲ್ಲಿ 43 ಸಲ ಸಮಯಕ್ಕೆ ಒಂದೂ ಬಂದಿರುವುದಿಲ್ಲ. ಈ 43 ನೋಡಿದ ಮೇಲೆಯೇ ನಾನು ಸೈಡ್‌ಬೋರ್ಡ್ ಮೇಲೆ ಮಾತ್ರ ಭಾರ ಹಾಕುವುದನ್ನು ಬಿಟ್ಟದ್ದು.

ಹೆಜ್ಜೆ 3: ಕೊಡಿಸಿದ ಟರ್ನ್‌ಗಳನ್ನು ಎಣಿಸಿ

ಇಡೀ ತಯಾರಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಎರಡನೇ ಟರ್ನ್‌ಗೆ ಡ್ಯಾಂಪಿಂಗ್ ಸ್ಫಿಯರ್ ಇಟ್ಟಿರಿ ಎಂದುಕೊಳ್ಳಿ. ಎದುರಾಳಿಯ ಮೂರು ಲ್ಯಾಂಡ್‌ಗೆ ಈಗ ಮೂರೇ ಮಾನಾ. ಆದರೂ ಅವರು ಟರ್ನ್‌ಗೊಂದು ಲ್ಯಾಂಡ್ ಇಡುತ್ತಲೇ ಇರುತ್ತಾರೆ. ಏಳನೇ ಟರ್ನ್‌ಗೆ ಏಳು ಲ್ಯಾಂಡ್, ಏಳು ಮಾನಾ, ಅದೇ ಕಾರ್ನ್. ಸ್ಫಿಯರ್ ನಿಮಗೆ ಕೊಡಿಸಿದ್ದು ಹೆಚ್ಚೆಂದರೆ ನಾಲ್ಕು ಟರ್ನ್.

ಅಷ್ಟೂ ಸಿಗುತ್ತದೆ ಎನ್ನುವಂತಿಲ್ಲ. ಒಬ್ಲಿವಿಯನ್ ಸ್ಟೋನ್ ಮೂರು ಮಾನಾದ ಕಾರ್ಡ್, ಇನ್ನೈದು ಮಾನಾ ಕೊಟ್ಟು ಒಡೆದರೆ ಗುರುತು ಹಾಕಿಲ್ಲದ, ಲ್ಯಾಂಡ್ ಅಲ್ಲದ ಎಲ್ಲವನ್ನೂ ಗುಡಿಸಿಹಾಕುತ್ತದೆ. ಮೂರನೇ ಟರ್ನ್‌ಗೆ ಸ್ಟೋನ್, ಐದನೇ ಟರ್ನ್‌ಗೆ ಐದು ಲ್ಯಾಂಡ್, ನಿಮ್ಮ ಸ್ಫಿಯರ್ ಜೊತೆಗೆ ಕ್ರೀಚರ್‌ಗಳೂ ಹೋದವು. ನಾಲ್ಕು ಟರ್ನ್ ಎರಡಕ್ಕೆ ಇಳಿಯಿತು. ಬ್ಲಡ್ ಮೂನ್ ಇದ್ದರೂ ಇದೇ ಕತೆ, ಮೌಂಟನ್‌ಗಳಿಂದಲೇ ಸ್ಟೋನ್ ಇಟ್ಟು ಒಡೆಯಬಹುದು.

ಈಗ ಇನ್ನೊಂದು ಬದಿಯ ಲೆಕ್ಕ. ಎದುರಾಳಿಯ ಬಳಿ 20 ಜೀವ, ಅದು ಮುಗಿದರೆ ಅವರು ಸೋತಂತೆ. ನನ್ನ ಟಾರ್ಮೊಗಾಯ್ಫ್ ಎಂಬ ಕ್ರೀಚರ್ ನಾಲ್ಕರ ಬಲದ್ದಾದರೆ ಒಂದೇ ಹೊಡೆದು ಮುಗಿಸಲು ಐದು ದಾಳಿ ಬೇಕು. ಎರಡಿದ್ದರೆ ಮೂರು ದಾಳಿ. ಒಂದು ಟಾರ್ಮೊಗಾಯ್ಫ್, ತಲಾ ಮೂರು ಜೀವ ಕಳೆಯುವ ಎರಡು ಲೈಟ್ನಿಂಗ್ ಬೋಲ್ಟ್ ಇದ್ದರೆ ಬೋಲ್ಟ್‌ಗಳಿಂದ ಆರು ಹೋಗಿ, ಉಳಿದ 14ಕ್ಕೆ ನಾಲ್ಕು ದಾಳಿ. ಎರಡನೇ ಟರ್ನ್‌ನಲ್ಲಿ ಬಂದ ಕ್ರೀಚರ್ ಮೂರರಿಂದ ಹೊಡೆಯಲು ಶುರು ಮಾಡಿ ಆರನೆಯದರಲ್ಲಿ ಮುಗಿಸುತ್ತದೆ, ಏಳನೇ ಟರ್ನ್‌ನ ಕಾರ್ನ್‌ಗೆ ಮೊದಲು. ಈ ಎರಡು ಲೆಕ್ಕ ಅಕ್ಕಪಕ್ಕ ಬರೆದಿಟ್ಟರೆ ಯಾವ ಕೈ ಇಟ್ಟುಕೊಳ್ಳಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ. ಸ್ಫಿಯರ್, ಫುಲ್ಮಿನೇಟರ್, ಐದು ಲ್ಯಾಂಡ್ ಬಂದ ಕೈಯನ್ನು ನಾನು ಹಿಂದೆ ಖುಷಿಯಿಂದ ಇಟ್ಟುಕೊಳ್ಳುತ್ತಿದ್ದೆ. ಅದು ಹೊಡೆಯುವ ಕೈಯಲ್ಲ, ಸಾವನ್ನು ಮುಂದೂಡುವ ಕೈ. ಟಾರ್ಮೊಗಾಯ್ಫ್, ಥಾಟ್‌ಸೀಜ್ (ಎದುರಾಳಿಯ ಕೈ ನೋಡಿ ಒಂದು ಕಾರ್ಡ್ ಕೀಳುವ ಕಾರ್ಡ್), ಬೋಲ್ಟ್, ನಾಲ್ಕು ಲ್ಯಾಂಡ್ ಇರುವ ಕೈಯಲ್ಲಿ ಸೈಡ್‌ಬೋರ್ಡ್ ಕಾರ್ಡ್ ಒಂದೂ ಇಲ್ಲ, ಆದರೂ ಅದು ಮೇಲು. ನಿಧಾನದ ಕೈ ಬಂದರೆ ಮಲಿಗನ್ ಮಾಡಲು (ಆ ಕೈ ಹಿಂತಿರುಗಿಸಿ ಹೊಸದು ತೆಗೆದುಕೊಳ್ಳಲು) ಅಂಜಬೇಡಿ. ಈಗಿನ ನಿಯಮದಲ್ಲಿ ಮತ್ತೆ ಏಳನ್ನೂ ನೋಡಿ ಒಂದನ್ನು ಕೆಳಗಿಡುವುದರಿಂದ ಆರರ ಕೈ ಹಿಂದಿನಷ್ಟು ಬಡವಲ್ಲ.

ಹೆಜ್ಜೆ 4: ಮೊದಲು ಆಡುವುದು, ಎರಡನೆಯವರಾಗಿ ಆಡುವುದು: ಎರಡು ಬೇರೆ ಯೋಜನೆ

ಫುಲ್ಮಿನೇಟರ್ ಮೂರು ಮಾನಾ. ನೀವು ಮೊದಲು ಆಡುತ್ತಿದ್ದರೆ ನಿಮ್ಮ ಮೂರನೇ ಟರ್ನ್ ಅವರ ಮೂರನೆಯದಕ್ಕಿಂತ ಮುಂಚೆ ಬರುತ್ತದೆ, ಎರಡು ಲ್ಯಾಂಡ್‌ಗಳಲ್ಲಿ ಒಂದನ್ನು ಒಡೆಯಬಹುದು. ಎರಡನೆಯವರಾಗಿದ್ದರೆ ನಿಮ್ಮ ಮೂರನೇ ಟರ್ನ್ ಬರುವಷ್ಟರಲ್ಲಿ ಕಾರ್ನ್ ಬಂದಾಗಿದೆ. ಅಲ್ಲಿ ಸಮಯಕ್ಕೆ ಬರುವುದು ಎರಡು ಮಾನಾದ ಸ್ಫಿಯರ್ ಮಾತ್ರ.

ಹಾಗಾಗಿ ಎರಡನೆಯವರಾದಾಗ ಎರಡನೇ ಟರ್ನ್‌ಗೆ ಸ್ಫಿಯರ್ ಮೊದಲು, ಟಾರ್ಮೊಗಾಯ್ಫ್ ಆಮೇಲೆ. ಮೊದಲು ಆಡುವಾಗ ಎರಡಕ್ಕೆ ಟಾರ್ಮೊಗಾಯ್ಫ್, ಮೂರಕ್ಕೆ ಸ್ಫಿಯರ್. ಆಗ ಒಂದು ಮಾನಾ ಉಳಿಯುತ್ತದೆ, ಅದರಲ್ಲಿ ಥಾಟ್‌ಸೀಜ್‌ನಂತೆಯೇ ಕೈಯಿಂದ ಕಾರ್ಡ್ ಕೀಳುವ ಇನ್‌ಕ್ವಿಜಿಷನ್ ಆಫ್ ಕೊಜಿಲೆಕ್ ಹಾಕಿ. ಹಾಕುವ ಕ್ರಮ ಮುಖ್ಯ: ಇನ್‌ಕ್ವಿಜಿಷನ್ ಮೊದಲು, ಸ್ಫಿಯರ್ ನಂತರ. ಸ್ಫಿಯರ್ ಮೇಜಿನ ಮೇಲಿದ್ದರೆ ಅದೇ ಟರ್ನ್‌ನ ನಿಮ್ಮ ಎರಡನೇ ಸ್ಪೆಲ್‌ಗೂ ಒಂದು ಮಾನಾ ಹೆಚ್ಚು ಬೀಳುತ್ತದೆ, ಇರುವ ಮೂರು ಸಾಲುವುದಿಲ್ಲ. ಇನ್‌ಕ್ವಿಜಿಷನ್ ಮೊದಲು ಹೋದರೆ ಮತ್ತೊಂದು ಲಾಭವಿದೆ. ಸ್ಫಿಯರ್ ಒಡೆಯಲು ಅವರು ತಂದಿರುವ ನೇಚರ್ಸ್ ಕ್ಲೇಮ್ ಕೈಯಲ್ಲಿದ್ದರೆ ಅದನ್ನೇ ಕಿತ್ತುಕೊಂಡು ದಾರಿ ಸರಿಮಾಡಿ ಸ್ಫಿಯರ್ ಇಡಬಹುದು.

ಫುಲ್ಮಿನೇಟರ್ ಬಳಸುವ ಹೊತ್ತಿನ ಬಗ್ಗೆ ಒಂದು ಮಾತು. ಒಂದು ಶುಕ್ರವಾರ ಸಂಜೆಯ ಪಂದ್ಯದಲ್ಲಿ ನನ್ನ ಫುಲ್ಮಿನೇಟರ್ ಮೇಜಿನ ಮೇಲೆ ಸಿದ್ಧವಾಗಿತ್ತು. ಎದುರಿಗೆ ಟವರ್, ಮೈನ್. ಮೂರನೆಯದು ಬರಲಿ, ಬಂದ ಕೂಡಲೇ ಒಡೆಯೋಣ, ಅಷ್ಟರವರೆಗೆ ಇದರಿಂದ ಎರಡೆರಡು ಹೊಡೆಯೋಣ ಎಂದು ಕಾದೆ. ಪವರ್ ಪ್ಲಾಂಟ್ ಬಿತ್ತು. ನಾನು ಬಾಯಿ ತೆರೆಯುವ ಮೊದಲೇ ಎದುರಾಳಿ ಮೂರೂ ಟ್ಯಾಪ್ ಮಾಡಿ ಕಾರ್ನ್ ಮುಂದಿಟ್ಟಿದ್ದರು. ನಿಯಮ ಅವರ ಕಡೆಗೇ ಇತ್ತು. ಲ್ಯಾಂಡ್ ಇಡುವುದಕ್ಕೆ ಉತ್ತರ ಕೊಡಲು ಎದುರಿನವರಿಗೆ ಅವಕಾಶವಿಲ್ಲ, ಇಟ್ಟವರ ಕೈಯಲ್ಲೇ ಮುಂದಿನ ನಡೆ ಇರುತ್ತದೆ. ಅವರು ಮಾನಾ ತೆಗೆದು ಸ್ಪೆಲ್ ಹಾಕಿದ ಮೇಲೆ ಲ್ಯಾಂಡ್ ಒಡೆದರೂ ಆ ಸ್ಪೆಲ್ ನಿಲ್ಲುವುದಿಲ್ಲ. ಒಡೆಯುವುದಿದ್ದರೆ ಮೂರನೆಯದು ಬೀಳುವ ಮೊದಲೇ ಒಡೆಯಬೇಕು. ಹಾಗೆಂದು ಮೇಜಿನ ಮೇಲೆ ಮ್ಯಾಪ್ ಇರುವಾಗ ಆತುರವೂ ಬೇಡ. ಮ್ಯಾಪ್‌ಗೆ ಮೊದಲೇ ಒಡೆದರೆ ಅವರು ಒಡೆದುಹೋದದ್ದನ್ನೇ ಹುಡುಕಿ ತರುತ್ತಾರೆ. ಮ್ಯಾಪ್ ಖರ್ಚಾಗಲಿ, ತಂದ ಲ್ಯಾಂಡ್ ಇನ್ನೂ ಕೈಯಲ್ಲಿರುವಾಗ ಮೇಜಿನ ಮೇಲಿನ ಎರಡರಲ್ಲಿ ಒಂದನ್ನು ಒಡೆಯಿರಿ.

ಹೆಜ್ಜೆ 5: ಯಾವ ಕಾರ್ಡ್ ಕಿತ್ತುಕೊಳ್ಳಬೇಕು?

ಥಾಟ್‌ಸೀಜ್ ಹಾಕಿದಿರಿ, ಎದುರಾಳಿಯ ಕೈ ತೆರೆದು ಕಾಣುತ್ತಿದೆ. ಎಲ್ಲರ ಕೈ ಮೊದಲು ಹೋಗುವುದು ಕಾರ್ನ್ ಕಡೆಗೆ. ಸ್ವಲ್ಪ ತಡೆದು ಎರಡು ಗುಂಪು ಮಾಡಿ: ಮಾನಾ ಕೂಡಿಸುವ ಕಾರ್ಡ್‌ಗಳು ಒಂದು ಕಡೆ, ಆ ಮಾನಾ ಖರ್ಚು ಮಾಡುವ ಕಾರ್ಡ್‌ಗಳು ಇನ್ನೊಂದು ಕಡೆ. ಯಾವ ಗುಂಪು ತೆಳ್ಳಗಿದೆಯೋ ಅದರಿಂದ ಕೀಳಿ. ಕೈಯಲ್ಲಿ ಮ್ಯಾಪ್ ಒಂದು, ಕಾರ್ನ್, ವರ್ಮ್‌ಕಾಯಿಲ್ ಎಂಜಿನ್, ಯೂಜಿನ್ ಇದ್ದರೆ ಮ್ಯಾಪ್ ಕೀಳಬೇಕು, ಆ ಮೂರೂ ಕೈಯಲ್ಲೇ ಕೊಳೆಯುತ್ತವೆ. ಮೂರು ಲ್ಯಾಂಡ್ ಆಗಲೇ ಕೂಡಿದ್ದು ಕಾರ್ನ್ ಒಂದೇ ಇದ್ದರೆ ಕಾರ್ನ್. ರಮ್ಮಿ ಆಡಿದವರಿಗೆ ಇದು ಹೊಸದೇನಲ್ಲ. ಎದುರಿನವರು ಯಾವ ಎಲೆಗೆ ಕಾಯುತ್ತಿದ್ದಾರೋ ಅದನ್ನು ಬಿಡದೆ ಹಿಡಿದಿಟ್ಟುಕೊಳ್ಳುವ ಬುದ್ಧಿಯೇ ಇದು.

ಇನ್‌ಕ್ವಿಜಿಷನ್ ಮೂರು ಮಾನಾದವರೆಗಿನ ಕಾರ್ಡ್ ಮಾತ್ರ ಕೀಳಬಲ್ಲದು, ಕಾರ್ನ್ ಅದಕ್ಕೆ ಎಟುಕದು. ಎರಡೂ ಕೈಯಲ್ಲಿದ್ದರೆ ಮ್ಯಾಪ್, ಸ್ಟೋನ್, ಕ್ಲೇಮ್‌ಗಳಿಗೆ ಇನ್‌ಕ್ವಿಜಿಷನ್ ಇಟ್ಟು, ದೊಡ್ಡವಕ್ಕೆ ಥಾಟ್‌ಸೀಜ್ ಉಳಿಸಿ. ನಾನು ಇನ್‌ಕ್ವಿಜಿಷನ್ ಮೊದಲು ಹಾಕುತ್ತೇನೆ, ಕೈ ಹೇಗೂ ಕಾಣುತ್ತದೆ, ಥಾಟ್‌ಸೀಜ್‌ಗೆ ತೆರಬೇಕಾದ ಎರಡು ಜೀವವೂ ಉಳಿಯುತ್ತದೆ.

ಹೆಜ್ಜೆ 6: ಏನು ಹೊರಗೆ ಹೋಗಬೇಕು?

ಒಳಗೆ ಬರುವುದನ್ನು ಎಲ್ಲರೂ ಯೋಚಿಸುತ್ತಾರೆ. ಹೊರಗೆ ಹೋಗುವುದನ್ನು ಪಂದ್ಯದ ನಡುವೆ, ಕೈ ನಡುಗುತ್ತಿರುವಾಗ ತೀರ್ಮಾನಿಸುತ್ತಾರೆ. ಮನೆಯಲ್ಲೇ ಬರೆದಿಟ್ಟುಕೊಳ್ಳಿ. ಸಣ್ಣ ಕ್ರೀಚರ್ ಕೊಲ್ಲುವ ಫೇಟಲ್ ಪುಶ್‌ಗಳು ಕಣ್ಣುಮುಚ್ಚಿ ಹೊರಗೆ, ಆರು ಮಾನಾದ ವರ್ಮ್‌ಕಾಯಿಲ್ ಅದಕ್ಕೆ ಮೀರಿದ್ದು. ಬೋಲ್ಟ್‌ಗಳನ್ನು ಮಾತ್ರ ಅದೇ ಸಾಲಿಗೆ ಸೇರಿಸಬೇಡಿ. ಕಾರ್ನ್ ಆರು ಲಾಯಲ್ಟಿಯೊಂದಿಗೆ (ಅದರ ಜೀವದ ಎಣಿಕೆ) ಬರುತ್ತದೆ. ಬಂದು ನಿಮ್ಮ ಕ್ರೀಚರ್ ಎಕ್ಸೈಲ್ ಮಾಡಿದರೆ ಮೂರು ಕಳೆದು ಮೂರಕ್ಕೆ ಇಳಿಯುತ್ತದೆ, ಒಂದು ಬೋಲ್ಟ್‌ಗೆ ಸರಿಯಾಗಿ ಮೂರು. ಎಷ್ಟೋ ಪಂದ್ಯಗಳಲ್ಲಿ ಈ ಒಂದು ಬೋಲ್ಟ್ ನನ್ನನ್ನು ಉಳಿಸಿದೆ.

ಮ್ಯಾಜಿಕ್‌ನ ಟೂರ್ನಮೆಂಟ್ ನಿಯಮದಲ್ಲಿ ಎರಡು ಆಟಗಳ ನಡುವೆ ಮೊದಲೇ ಬರೆದು ತಂದ ಚಿಕ್ಕ ಟಿಪ್ಪಣಿ ನೋಡಬಹುದು, ಆಟ ನಡೆಯುವಾಗ ನೋಡುವಂತಿಲ್ಲ. ಒಂದು ಚೀಟಿಯಲ್ಲಿ ಎರಡು ಸಾಲು ಸಾಕು: ಮೊದಲು ಆಡುವಾಗ ಏನು ಒಳಗೆ, ಏನು ಹೊರಗೆ, ಎರಡನೆಯವರಾದಾಗ ಏನು ಒಳಗೆ, ಏನು ಹೊರಗೆ. ಎರಡೂ ಒಂದೇ ಆಗಬೇಕಿಲ್ಲ. ಎರಡನೆಯವರಾದಾಗ ನಾನು ಒಂದು ಫುಲ್ಮಿನೇಟರ್ ಹೊರಗೇ ಬಿಡುತ್ತೇನೆ.

ಹೆಜ್ಜೆ 7: ಅಭ್ಯಾಸ, ಅದೂ ಎರಡೂ ಬದಿಯಿಂದ

ಆಡುಹುಲಿ ಆಟ ಗೊತ್ತಿದ್ದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಆಡಿನ ಬದಿಯನ್ನಷ್ಟೇ ಆಡುತ್ತ ಬಂದವರಿಗೆ ಹುಲಿ ಎಲ್ಲಿಂದಲೂ ಹಾರಬಲ್ಲದು ಅನ್ನಿಸುತ್ತದೆ. ಒಂದು ದಿನ ಹುಲಿಯ ಬದಿ ಕೂತರೆ ತಾನು ಎಷ್ಟು ಕಡೆ ಕಟ್ಟಿಹಾಕಿಸಿಕೊಂಡಿದ್ದೇನೆ ಎಂದು ಕಾಣುತ್ತದೆ. ನಾನು ಪ್ರಾಕ್ಸಿ ಕಾರ್ಡ್‌ಗಳಲ್ಲಿ ಟ್ರಾನ್ ಕಟ್ಟಿಕೊಂಡು, ನನ್ನದೇ ಜಂಡ್ ಅನ್ನು ಗೆಳೆಯನ ಕೈಗೆ ಕೊಟ್ಟು ಆಡಿದ ಸಂಜೆ ಕಲಿತಷ್ಟು ಹಿಂದಿನ ಒಂದು ವರ್ಷದಲ್ಲಿ ಕಲಿತಿರಲಿಲ್ಲ. ಟ್ರಾನ್ ಹಿಡಿದು ಕೂತಾಗ ನನಗೆ ಹೆದರಿಕೆ ಹುಟ್ಟಿಸಿದ್ದು ಸ್ಫಿಯರ್ ಅಲ್ಲ, ಎರಡನೇ ಟರ್ನ್‌ನ ಟಾರ್ಮೊಗಾಯ್ಫ್. ಸ್ಫಿಯರ್‌ಗೆ ನನ್ನ ಡೆಕ್‌ನಲ್ಲಿ ಉತ್ತರವಿತ್ತು, ಟಾರ್ಮೊಗಾಯ್ಫ್ ಹೊಡೆಯುತ್ತಿರುವಾಗ ಅದನ್ನು ಹುಡುಕಲು ಸಮಯ ಇರಲಿಲ್ಲ. ಹೆಜ್ಜೆ ಮೂರರ ಲೆಕ್ಕ ಹುಟ್ಟಿದ್ದೇ ಆ ಮೇಜಿನಲ್ಲಿ.

ಪ್ರಾಕ್ಸಿ ಎಂದರೆ ಹಳೇ ಕಾರ್ಡ್ ಮೇಲೆ ಕಾಗದ ಸಿಕ್ಕಿಸಿ ಹೆಸರು ಬರೆದರೂ ಆಯಿತು. ಅಧಿಕೃತ ಪಂದ್ಯದಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಧಾರಾಳ. ಜೊತೆಗಾರರು ದೂರದಲ್ಲಿದ್ದರೆ ಕಾಕಟ್ರಿಸ್, ಎಕ್ಸ್‌ಮೇಜ್‌ನಂಥ ಉಚಿತ ತಂತ್ರಾಂಶಗಳಿವೆ.

ಎಷ್ಟು ಆಟ ಗೆದ್ದೆ ಎಂದು ಎಣಿಸುವುದರ ಮೇಲೆ ಹೆಚ್ಚು ನಂಬಿಕೆ ಬೇಡ. ನಿಜಕ್ಕೂ ಶೇ. 40 ಮಾತ್ರ ಗೆಲ್ಲುವ ಮ್ಯಾಚಪ್‌ನಲ್ಲೂ (ಡೆಕ್‌ಗಳ ಜೋಡಿಯಲ್ಲೂ) ಹತ್ತು ಆಟದಲ್ಲಿ ಆರು ಅಥವಾ ಹೆಚ್ಚು ಗೆಲ್ಲುವುದು ಆರು ಸಲಕ್ಕೆ ಒಮ್ಮೆ ಆಗಿಬಿಡುತ್ತದೆ. ಹತ್ತು ಆಟ ಆಡಿ ಈಗ ಸರಿಹೋಯಿತು ಎಂದು ಹೊರಟರೆ ಮೋಸ ಹೋಗುತ್ತೀರಿ. ಬದಲಿಗೆ, ಒಂದೊಂದು ಆಟ ಸೋತಾಗಲೂ ನಿಲ್ಲಿಸಿ, ಯಾವ ಟರ್ನ್‌ನಲ್ಲಿ ಸೋತೆವು ಎಂದು ಇಬ್ಬರೂ ಕೈ ತೆರೆದಿಟ್ಟು ಮಾತಾಡಿ. ಅದೇ ಟರ್ನ್‌ಗೆ ಹಿಂದಿರುಗಿ ಬೇರೆ ನಡೆ ಇಟ್ಟು ನೋಡಿ. ಸೈಡ್‌ಬೋರ್ಡ್ ಮಾಡಿದ ನಂತರದ ಆಟಗಳನ್ನೇ ಹೆಚ್ಚು ಆಡಿ. ಕಾರಣ ಇಲ್ಲಿದೆ: ಮೊದಲ ಆಟ ಗೆಲ್ಲುವ ಸಾಧ್ಯತೆ ಶೇ. 30, ಉಳಿದ ಎರಡರಲ್ಲಿ ತಲಾ ಶೇ. 50 ಎಂದಿಟ್ಟುಕೊಂಡರೆ, ಮೂರರಲ್ಲಿ ಎರಡು ಆಟ ಗೆಲ್ಲಬೇಕಾದ ಪಂದ್ಯ ಗೆಲ್ಲುವುದು ಶೇ. 40. ಆ ಐವತ್ತನ್ನು ಅರವತ್ತಕ್ಕೆ ಏರಿಸಿದರೆ, ಮೊದಲ ಆಟ ಹಾಗೇ ಮೂವತ್ತರಲ್ಲಿ ಉಳಿದರೂ, ಪಂದ್ಯ ಶೇ. 50ಕ್ಕೆ ಬರುತ್ತದೆ. ಮೊದಲ ಆಟ ಸೋತವರಿಗೆ ಎರಡನೆಯದರಲ್ಲಿ ಮೊದಲು ಆಡುವ ಆಯ್ಕೆಯೂ ಸಿಗುತ್ತದೆ. ಹಾಗಾಗಿ ಮೊದಲ ಆಟ ಕೈ ತಪ್ಪಿದೆ ಎಂದು ಖಚಿತವಾದರೆ ಎಳೆಯದೆ ಬಿಟ್ಟುಕೊಡಿ. ಪಂದ್ಯಕ್ಕೆ ಸಾಮಾನ್ಯವಾಗಿ ಇರುವುದು 50 ನಿಮಿಷ, ಅದು ಮುಂದಿನ ಎರಡು ಆಟಕ್ಕೆ ಬೇಕು.

ಪಂದ್ಯದ ದಿನ

ಮೇಜಿಗೆ ಕೂತ ಮೇಲೆ ಹೊಸದಾಗಿ ಏನೂ ಯೋಚಿಸಬೇಕಾಗಿ ಬರಬಾರದು. ಅವರ ಮೊದಲ ಲ್ಯಾಂಡ್ ಉರ್ಜಾಸ್ ಯಾವುದಾದರೂ ಆಗಿದ್ದರೆ, ಆ ಕ್ಷಣದಿಂದ ಕೊಲ್ಲುವ ಕಾರ್ಡ್‌ಗಳನ್ನು ಮರೆತು ಹೊಡೆಯುವ ಕಾರ್ಡ್ ಹುಡುಕಿ. ಆ ಮೂರು ಲ್ಯಾಂಡ್‌ಗಳಲ್ಲಿ ಯಾವುದು ಬಿದ್ದಿದೆ, ಮ್ಯಾಪ್ ಎಷ್ಟು ಹೋಯಿತು, ಥಾಟ್‌ಸೀಜ್‌ನಲ್ಲಿ ಕಂಡ ಕೈಯಲ್ಲಿ ಇನ್ನೇನು ಉಳಿದಿದೆ ಎಂದು ಜೀವ ಎಣಿಸುವ ಕಾಗದದ ಮೇಲೇ ಬರೆಯುತ್ತ ಹೋಗಿ, ಆಟದ ನಡುವೆ ಬರೆದದ್ದನ್ನು ನೋಡಲು ನಿಯಮದ ಅಡ್ಡಿಯಿಲ್ಲ. ಬಳಸಿ ಮುಗಿದ ಕಾರ್ಡ್‌ಗಳ ರಾಶಿಯನ್ನು ಖಾಲಿ ಮಾಡುವ ರೆಲಿಕ್ ಆಫ್ ಪ್ರೊಜೆನಿಟಸ್ ಅವರ ಎದುರು ಕಂಡರೆ, ಆ ರಾಶಿಯಿಂದ ಬಲ ಪಡೆಯುವ ಟಾರ್ಮೊಗಾಯ್ಫ್ ಕುಗ್ಗುತ್ತದೆ ಎಂದು ಲೆಕ್ಕದಲ್ಲಿ ಒಂದು ದಾಳಿ ಹೆಚ್ಚು ಸೇರಿಸಿಕೊಳ್ಳಿ.

ಪಂದ್ಯ ಮುಗಿದ ಮೇಲೆ, ಗೆದ್ದಿರಲಿ ಸೋತಿರಲಿ, ಎದ್ದುಹೋಗುವ ಮುನ್ನ ಸೈಡ್‌ಬೋರ್ಡ್‌ನ ಆ 15 ಕಾರ್ಡ್ ಎಣಿಸಿ ಹಿಂದಕ್ಕೆ ಹಾಕಿ. ಮುಂದಿನ ಸುತ್ತಿನ ಮೊದಲ ಆಟ ನೋಂದಾಯಿಸಿದ ಡೆಕ್‌ನಲ್ಲೇ ಆಡಬೇಕು, ಒಂದು ಫುಲ್ಮಿನೇಟರ್ ಒಳಗೇ ಉಳಿದರೂ ದಂಡ ಬೀಳುತ್ತದೆ.